ಹಗೇವಿನ ಗಾಳಿ

ಹೊಸೂರಿನಿಂದ ಬೇರಿಕೆಗೆ ಹೋಗುವ ಬಸ್ಸಿನ ಕಿಟಕಿ ಪಕ್ಕ ಕೂತು ಚಂದ್ರಲೇಖಾ ಹೊರಗೆ ಕಂಡದ್ದನ್ನೆಲ್ಲ ಒಂದೊಂದಾಗಿ ಅಳಿಸುತ್ತ ಹೋದಳು. ಮೊದಲು ಮೊಬೈಲ್ ಕಂಪನಿಯ ಬಣ್ಣ ಬಳಿದ ಗೋಡೆಗಳು ಹೋದವು. ಆಮೇಲೆ ಕರೆಂಟಿನ ಕಂಬಗಳು, ಗುಲಾಬಿ ಬೆಳೆಯುವವರ ಪ್ಲಾಸ್ಟಿಕ್ ಮನೆಗಳು, ಬೋರ್‌ವೆಲ್ ಪಕ್ಕದ ತಗಡಿನ ಗೂಡುಗಳು, ತಮಿಳಿನಲ್ಲಿ ಬರೆದ ಗೊಬ್ಬರದ ಜಾಹೀರಾತು. ನೀಲಗಿರಿ ತೋಪು ಬಂದಾಗ ಅನುಮಾನ ಹುಟ್ಟಿತು. ತನ್ನ ಕಾದಂಬರಿ ನಡೆಯುವ ಸಾವಿರದ ಒಂಬೈನೂರ ಮೂವತ್ತೆಂಟನೇ ಇಸವಿಯಲ್ಲಿ ಇಲ್ಲಿ ನೀಲಗಿರಿ ಇತ್ತೋ ಇಲ್ಲವೋ ಅವಳಿಗೆ ಖಾತ್ರಿ ಇರಲಿಲ್ಲ. ಖಾತ್ರಿ ಇಲ್ಲದ್ದು ಇರಕೂಡದು ಎಂದು ಅದನ್ನೂ ಬುಡಸಮೇತ ಕಿತ್ತು ಹಾಕಿದಳು. ಕತ್ತಾಳೆ ಬೇಲಿ ಉಳಿಯಿತು, ಹುಣಿಸೆ ಮರಗಳು ಉಳಿದವು, ಬಿಸಿಲಿಗೆ ಬೆನ್ನು ಕೊಟ್ಟು ಮಲಗಿದ ಬಂಡೆಗಳು ಉಳಿದವು. ಇಷ್ಟಿದ್ದರೆ ಸಾಕು, ಉಳಿದದ್ದನ್ನು ನಾನು ನೋಡಿಕೊಳ್ಳುತ್ತೇನೆ ಅಂದುಕೊಂಡಳು. ಪಕ್ಕದಲ್ಲಿ ಕೂತಿದ್ದ, ಅವಳದೇ ಆಫೀಸಿನ ಕೋಮಲಾ ಮಡಿಲಲ್ಲಿ ಬ್ರೆಡ್ಡಿನ ಪೊಟ್ಟಣ ಇಟ್ಟುಕೊಂಡು ತೂಕಡಿಸುತ್ತಿದ್ದಳು. ಅವಳನ್ನು ಮಾತ್ರ ಅಳಿಸುವಂತಿರಲಿಲ್ಲ. ಇವತ್ತು ನೋಡಬೇಕಾದ ಮನೆ ಅವಳ ಅತ್ತೆಯದು.

ಹೀಗೆ ಅಳಿಸುವ ಚಟ ಅಂಟಿದ್ದು ಒಂದು ಅವಮಾನದಿಂದ. ಹೊಸೂರಿನ ಕನ್ನಡದವರೆಲ್ಲ ಸೇರಿ ಅವಳ ಮೊದಲ ಪತ್ತೇದಾರಿ ಕಾದಂಬರಿಯ ಬಿಡುಗಡೆ ಇಟ್ಟುಕೊಂಡಿದ್ದರು. ಕಾರ್ಖಾನೆಯ ಪರ್ಚೇಸ್ ಸೆಕ್ಷನ್ನಿನಲ್ಲಿ ಬೋಲ್ಟು ನಟ್ಟುಗಳಿಗೆ ಆರ್ಡರು ಬರೆಯುವ ಹೆಂಗಸು ಬ್ರಿಟಿಷರ ಕಾಲದ ಸೇಲಂ ಜಿಲ್ಲೆಯ ಕೊಲೆಗಳನ್ನು ಬರೆಯುತ್ತಾಳೆಂದು ಅವರಿಗೆ ಹೆಮ್ಮೆ. ಕೆಂಪು ಪೇಟದ ಪೇದೆಗಳು, ಕುದುರೆ ಏರಿ ಬರುವ ಸಬ್ ಇನ್ಸ್‌ಪೆಕ್ಟರ್ ಜಯರಾಮಯ್ಯ, ಬೇಲಿಯ ಮುಳ್ಳಿಗೆ ಸಿಕ್ಕ ನೈಲಾನ್ ಸೀರೆಯ ಒಂದು ಎಳೆ, ಆ ಎಳೆ ಹಿಡಿದು ಅವನು ಕೊಲೆಗಾತಿಯ ಬಾಗಿಲಿಗೆ ಬಂದು ನಿಲ್ಲುವುದು. ಭಾಷಣಗಳು ಮುಗಿದು ಉಪ್ಪಿಟ್ಟು ಹಂಚುತ್ತಿದ್ದಾಗ ಹಿಂದಿನ ಸಾಲಿನಲ್ಲಿದ್ದ ನಿವೃತ್ತ ಮೇಷ್ಟರು ಶ್ಯಾಮಣ್ಣ ಎದ್ದು ನಿಂತು, ಬಹಳ ವಿನಯದಿಂದಲೇ, "ಅಮ್ಮಾ, ಮೂವತ್ತಾರನೇ ಇಸವೀಲಿ ನೈಲಾನು ಎಲ್ಲಿತ್ತು?" ಅಂದರು. ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಆಮೇಲೆ ನಗು ಎದ್ದಿತು. ಅದು ಕುಹಕದ ನಗುವಾಗಿದ್ದರೆ ತಡೆದುಕೊಳ್ಳಬಹುದಿತ್ತು. ಅದು ಪ್ರೀತಿಯ ನಗು, ತೊದಲುವ ಮಗುವಿಗೆ ನಗುವಂಥದ್ದು. ಸ್ಕೂಟರಿನಲ್ಲಿ ಮನೆಗೆ ವಾಪಸು ಬರುವಾಗ ಅವಳ ಗಂಡ ವಾಸುವಿನ ಬೆನ್ನು ಅಲುಗುತ್ತಿತ್ತು. ಅಲುಗಿದ್ದು ರಸ್ತೆಯ ಹಳ್ಳಗಳಿಗಲ್ಲ ಎಂದು ಹಿಂದೆ ಕೂತಿದ್ದ ಅವಳಿಗೆ ಚೆನ್ನಾಗಿ ಗೊತ್ತಾಗುತ್ತಿತ್ತು.

ಆಮೇಲೆ ಅವಳು ಕೈಯಿಂದ ಮುಟ್ಟದೆ ಏನನ್ನೂ ಬರೆಯಲಿಲ್ಲ. ಹತ್ತಿರದ ತಳಿ ಎಂಬ ಊರಿನ ಕಡೆಯ ಹಳ್ಳಿಗಳಿಗೆ ಜೀಪಿನಲ್ಲಿ ಹೋಗಿ ಹಳೆಯ ಬಾಗಿಲುಗಳ ಅಗುಳಿ ಎಳೆದು ನೋಡಿದಳು, ಎಷ್ಟು ಸದ್ದು ಮಾಡುತ್ತದೆ, ಮಲಗಿದವರು ಏಳುತ್ತಾರೋ ಇಲ್ಲವೋ ಎಂದು. ಹೊಂಗೆಣ್ಣೆಯ ದೀಪದ ಬೆಳಕಲ್ಲಿ ರಕ್ತದ ಬಣ್ಣ ಹೇಗೆ ಕಾಣುತ್ತದೆಂದು ತಿಳಿಯಲು ಬೆರಳನ್ನು ಚುಚ್ಚಿಕೊಂಡು, ವಾಸುವಿನಿಂದ ಬೈಸಿಕೊಂಡಳು. ಎರಡನೆಯ ಪುಸ್ತಕ ಬಂದಾಗ ಒಂದೇ ಒಂದು ತಪ್ಪು ಹುಡುಕಲು ಯಾರಿಗೂ ಆಗಲಿಲ್ಲ. ಅವಳಿಗೆ ಒಂದು ನಂಬಿಕೆ ಗಟ್ಟಿಯಾಯಿತು: ವಸ್ತುಗಳನ್ನು ಸರಿಯಾಗಿ ಇಟ್ಟರೆ ಮನುಷ್ಯರು ತಾವಾಗಿಯೇ ಬಂದು ಅವುಗಳ ನಡುವೆ ಕೂರುತ್ತಾರೆ. ಈಗ ಬರೆಯುತ್ತಿದ್ದದ್ದು ಮೂರನೆಯದು. ನೆಲದೊಳಗೆ ಅಗೆದು ರಾಗಿ ತುಂಬಿಡುತ್ತಿದ್ದ ಹಗೇವಿನಲ್ಲಿ ಒಂದು ಕೊಲೆ. ತಿಂಗಳುಗಟ್ಟಲೆ ಮುಚ್ಚಿಟ್ಟ ಹಗೇವಿನಲ್ಲಿ ಗಾಳಿ ಕೆಟ್ಟಿರುತ್ತದೆ. ದೀಪ ಇಳಿಬಿಟ್ಟು ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ಅವಳ ಕಾದಂಬರಿಯಲ್ಲಿ ಒಬ್ಬ ಹೆಂಗಸು ಒಡವೆಯ ಆಸೆಗೆ ತನ್ನ ಭಾವನನ್ನು ಸುಳ್ಳು ಹೇಳಿ ಒಳಗೆ ಇಳಿಸುತ್ತಾಳೆ, ಜಯರಾಮಯ್ಯ ಅವಳನ್ನು ಹಿಡಿಯುತ್ತಾನೆ. ಎಲ್ಲ ಸಿದ್ಧವಿತ್ತು. ಹಗೇವೊಂದನ್ನು ಮಾತ್ರ ಕಣ್ಣಾರೆ ಕಂಡಿರಲಿಲ್ಲ. ಆಫೀಸಿನಲ್ಲಿ ಊಟದ ಡಬ್ಬಿ ಬಿಚ್ಚುವಾಗ ಇದನ್ನು ಹೇಳಿದ್ದಕ್ಕೆ ಕೋಮಲಾ ಕಣ್ಣರಳಿಸಿ, "ನಮ್ಮತ್ತೆ ಮನೆ ಹಿತ್ಲಲ್ಲೇ ಇದೆಯಲ್ಲ ಮೇಡಂ, ಚಪ್ಪಡಿ ಮುಚ್ಚಿಬಿಟ್ಟಿದಾರೆ, ನಮ್ಮ ಮೈದುನನಿಗೆ ಹೇಳಿದ್ರೆ ತೆಗೀತಾನೆ," ಅಂದಿದ್ದಳು.

ಬೇರಿಕೆಯಿಂದ ಆಚೆ ಹೊಲಗಳ ನಡುವೆ ಇದ್ದ ಆ ಮನೆ ಹಳೆಯದಾದರೂ ಭಣಭಣ ಅನ್ನುವಂಥದ್ದಲ್ಲ. ಅಂಗಳದ ತುಂಬ ಎಲೆಕೋಸಿನ ರಾಶಿ, ಗೋಡೆಗೆ ಒರಗಿದ ಮೊಪೆಡ್ಡು, ಒಳಗೆ ಟೀವಿಯಲ್ಲಿ ತೆಲುಗು ಹಾಡು. ಕೋಮಲಾಳ ಮೈದುನ ವೆಂಕಿ ಹೊಸೂರಿನ ಕಾರ್ಖಾನೆಯಲ್ಲಿ ಪಾಳಿ ಮಾಡಿಕೊಂಡು, ರಜೆ ದಿನ ಹೊಲ ನೋಡಿಕೊಳ್ಳುವವನು. ಲುಂಗಿ ಎತ್ತಿ ಕಟ್ಟಿಕೊಂಡು, "ಬನ್ನಿ ಮೇಡಂ, ನಿಮ್ ಕೊಲೆ ನಮ್ ಮನೇಲೇ ಮಾಡಿ," ಎಂದು ನಗುತ್ತ ಬರಮಾಡಿಕೊಂಡ. ಜಗಲಿಯ ಮೇಲೆ ಕೂತು ಹುರುಳಿ ಕೇರುತ್ತಿದ್ದ ಅವನ ತಾಯಿ ರಾಮಲಕ್ಷ್ಮಮ್ಮ ತಲೆ ಎತ್ತಿ ನೋಡಿದರು. ಎಪ್ಪತ್ತು ದಾಟಿದ, ಒಣಗಿದ ಹುಣಿಸೆ ಕೊಂಬೆಯಂಥ ಹೆಂಗಸು. ಒಂದು ಕಣ್ಣಿಗೆ ಪೊರೆ ಬಂದಿತ್ತು. ಅವರು ಈ ಮನೆಯ ಮಗಳು, ಗಂಡ ಮನೆ ಅಳಿಯನಾಗಿ ಬಂದವರು, ಹುಟ್ಟಿದ ಮನೆ ಬಿಟ್ಟು ಹೋದವರೇ ಅಲ್ಲ ಎಂದು ಕೋಮಲಾ ಬಸ್ಸಿನಲ್ಲಿ ಹೇಳಿದ್ದಳು. ಚಂದ್ರಲೇಖಾಳಿಗೆ ಅದು ಕೇಳಿ ಖುಷಿಯಾಗಿತ್ತು. ಇದ್ದಲ್ಲೇ ಇದ್ದವರ ನೆನಪು ಕಲಬೆರಕೆಯಾಗಿರುವುದಿಲ್ಲ.

ವೆಂಕಿ ಹಾರೆ ಹಾಕಿ ಚಪ್ಪಡಿ ಮೀಟುತ್ತ, ಸಹಜವಾಗಿ, ಯಾವುದೋ ಹಳೆಯ ಮದುವೆಯ ಸುದ್ದಿ ಹೇಳುವವನ ಹಾಗೆ ಹೇಳಿದ: "ಇದ್ರಾಗೇ ಮೇಡಂ ನಮ್ ದೊಡ್ತಾತ ಹೋಗಿದ್ದು. ಕೊಂಡಪ್ಪ ಅಂತ. ಗಾಳಿ ಕೆಟ್ಟಿತ್ತಂತೆ, ಇಳ್ದೋರು ಮ್ಯಾಲಕ್ ಬರ್ಲೇ ಇಲ್ಲ. ಆಮೇಲೆ ಪೋಲೀಸು ಗೀಲೀಸು ಬಂದು ನೋಡ್ಕೊಂಡ್ ಹೋದ್ರಂತೆ. ಅವ್ವಂಗೆ ಗೊತ್ತು, ಆವಾಗಿನ್ನೂ ಚಿಕ್ ಹುಡ್ಗಿ." ಚಂದ್ರಲೇಖಾಳ ಎದೆ ಒಂದು ಸಲ ಜೋರಾಗಿ ಹೊಡೆದುಕೊಂಡಿತು. ಹಾಗೆ ಹೊಡೆದುಕೊಂಡದ್ದು ಮರುಕಕ್ಕಲ್ಲ, ಸಂತೋಷಕ್ಕೆ. ತಾನು ಕಲ್ಪಿಸಿದ್ದು ಇಲ್ಲಿ, ಈ ಹಿತ್ತಿಲಲ್ಲಿ, ಆಗಿಹೋಗಿತ್ತು. ಅಂದರೆ ತನ್ನ ಕಲ್ಪನೆ ಸರಿಯಾಗಿತ್ತು. ಆ ಸಂತೋಷ ಮುಖದ ಮೇಲೆ ಬಂದಿತೇನೋ ಎಂದು ತಟ್ಟನೆ ತಿರುಗಿ ನೋಡಿದಳು. ರಾಮಲಕ್ಷ್ಮಮ್ಮ ಮೊರ ಕೆಳಗಿಟ್ಟು ಹಿತ್ತಿಲ ಬಾಗಿಲಿಗೆ ಬಂದು ನಿಂತಿದ್ದರು, ಪೊರೆ ಇಲ್ಲದ ಕಣ್ಣು ಅವಳ ಮೇಲೇ ಇತ್ತು. ಚಂದ್ರಲೇಖಾ ಹಿಂದೆಯೂ ಒಮ್ಮೆ ಹೀಗೆ ಸಿಕ್ಕಿಬಿದ್ದಿದ್ದಳು: ತನ್ನ ತಂದೆ ತೀರಿಕೊಂಡ ದಿನ, ಮನೆ ತುಂಬ ಜನ ಅಳುತ್ತಿರುವಾಗ, ಹೆಣದ ಹೆಬ್ಬೆರಳುಗಳನ್ನು ಕಟ್ಟಿದ ಬಟ್ಟೆಯ ಗಂಟು ಎಂಥದ್ದು ಎಂದು ಬಗ್ಗಿ ನೋಡಿದ್ದಳು. ಅದನ್ನು ಅವಳ ದೊಡ್ಡಮ್ಮ ಕಂಡು ಮುಖ ತಿರುಗಿಸಿಕೊಂಡಿದ್ದಳು. ಆ ಗಂಟು ಅವಳ ಎರಡನೆಯ ಕಾದಂಬರಿಯಲ್ಲಿ ಬಂದಿತು. ಚೆನ್ನಾಗಿಯೇ ಬಂದಿತು.

ಚಪ್ಪಡಿ ಸರಿದಾಗ ನೆಲದಲ್ಲೊಂದು ಕರಿಯ ಬಾಯಿ ತೆರೆಯಿತು, ಒಬ್ಬ ಮನುಷ್ಯ ಭುಜ ಮುದುರಿಕೊಂಡು ಇಳಿಯುವಷ್ಟು. ಒಳಗೆ ಅದು ಮಡಕೆಯ ಹೊಟ್ಟೆಯ ಹಾಗೆ ಅಗಲವಾಗುತ್ತದೆಂದು ವೆಂಕಿ ಕೈಯಲ್ಲಿ ತೋರಿಸಿದ. ಚಂದ್ರಲೇಖಾ ಆಗಲೇ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಏಣಿ ಇಡಿಸಿ, "ಇಳೀತೀನಿ," ಅಂದಳು. ಖಾಲಿ ಹಗೇವು, ರಾಗಿ ಇಲ್ಲ, ಗಾಳಿ ಕೆಡಲು ಏನಿದೆ ಎಂಬ ಧೈರ್ಯ. ರಾಮಲಕ್ಷ್ಮಮ್ಮ ಹತ್ತಿರ ಬಂದು ಅವಳ ರಟ್ಟೆ ಹಿಡಿದರು. ಆ ಹಿಡಿತ ಮುದುಕಿಯದ್ದಾಗಿರಲಿಲ್ಲ.

"ಮೊದ್ಲು ದೀಪ ಬಿಡು ತಾಯಿ. ಆಮೇಲೆ ಇಳಿಯುವಂತೆ."

ಕೋಮಲಾ ಒಳಗಿನಿಂದ ಮೇಣದ ಬತ್ತಿ ತಂದುಕೊಟ್ಟು, ಸಾರಿಗೆ ಒಗ್ಗರಣೆ ಹಾಕಬೇಕೆಂದು ವಾಪಸು ಹೋದಳು. ಬತ್ತಿಯನ್ನು ಖಾಲಿ ಡಬ್ಬದಲ್ಲಿ ನಿಲ್ಲಿಸಿ, ದಾರ ಕಟ್ಟಿ, ವೆಂಕಿ ಇಳಿಬಿಟ್ಟ. ಎಲ್ಲರೂ ಬಗ್ಗಿ ನೋಡಿದರು. ಅದು ತಳ ಮುಟ್ಟುವವರೆಗೂ ಉರಿಯಿತು, ಮುಟ್ಟಿದ ಮೇಲೂ ಉರಿಯಿತು. ಅಷ್ಟರಲ್ಲಿ ರಸ್ತೆಯಲ್ಲಿ ಕೋಸು ತುಂಬಿಕೊಳ್ಳುವ ಮಿನಿ ಲಾರಿ ಹಾರನ್ ಹೊಡೆಯಿತು. "ಒಂದ್ ಹತ್ ನಿಮ್ಸ ಮೇಡಂ, ತೂಕ ಹಾಕ್ಸಿ ಬತ್ತೀನಿ," ಎಂದು ವೆಂಕಿ ಓಡಿದ. ಅವಳು ಏಣಿಯ ಮೇಲೆ ಕಾಲಿಟ್ಟಳು.

ಕೆಳಗೆ ತಣ್ಣಗಿತ್ತು. ಒಣ ಮಣ್ಣಿನ, ಹಳೆಯ ಹುಲ್ಲಿನ, ಎಲ್ಲೋ ಬಹಳ ಹಿಂದೆ ಇದ್ದ ಧಾನ್ಯದ ವಾಸನೆ. ಮೇಣದ ಬತ್ತಿಯ ಬೆಳಕಿನಲ್ಲಿ ಗೋಡೆಯ ಮೇಲೆ ಕೈಯಾಡಿಸಿದಾಗ, ಮಣ್ಣು ಮೆತ್ತಿದವರ ಬೆರಳ ಗೆರೆಗಳು ಹಾಗೇ ಇದ್ದವು, ನಾಲ್ಕು ನಾಲ್ಕಾಗಿ, ಕಮಾನಿನಂತೆ ಬಾಗಿ. ಅವಳು ತನ್ನ ಬೆರಳುಗಳನ್ನು ಆ ಗೆರೆಗಳಲ್ಲಿ ಇಟ್ಟು ನೋಡಿದಳು. ಸರಿಹೊಂದಿದವು, ಹೆಂಗಸಿನ ಕೈ. ಇದನ್ನು ಯಾವ ಪುಸ್ತಕವೂ ಹೇಳುತ್ತಿರಲಿಲ್ಲ, ಯಾವ ಮೇಷ್ಟರೂ ಎದ್ದುನಿಂತು ಅಲ್ಲಗಳೆಯಲಾರರು. ಒಂದು ಅಧ್ಯಾಯ ಪೂರ್ತಿ ಇಲ್ಲಿಂದಲೇ ಶುರುವಾಗಬಹುದು ಅನ್ನಿಸಿತು. ತಲೆಯೆತ್ತಿದರೆ ಮೇಲೆ ದುಂಡಗಿನ ಆಕಾಶ, ಅದರ ಅಂಚಿನಲ್ಲಿ ರಾಮಲಕ್ಷ್ಮಮ್ಮನ ತಲೆ. ಬೆಳಕಿಗೆ ಎದುರಾಗಿ ಮುಖ ಕಾಣುತ್ತಿರಲಿಲ್ಲ. ಅವರು ಬಾಯಿಯ ಪಕ್ಕದಲ್ಲೇ ನೆಲದ ಮೇಲೆ ಕೂತಿದ್ದರು, ಒಂದು ಕೈ ಏಣಿಯ ಮೇಲಿತ್ತು.

"ಅಮ್ಮಾ, ಆಗ ಎಂಥ ದೀಪ ಬಿಡ್ತಿದ್ರಿ?" ಎಂದು ಅವಳು ಕೆಳಗಿನಿಂದ ಕೂಗಿದಳು. ತನ್ನ ದನಿ ತನಗೇ ದಪ್ಪವಾಗಿ ಕೇಳಿಸಿತು.

"ಹರಳೆಣ್ಣೆ ಹಣತೆ. ಮಡಕೆ ಓಡಿನ್ ಮ್ಯಾಲಿಕ್ಕಿ, ಹುರಿ ಕಟ್ಟಿ ಬಿಡೋದು."

"ಹುರಿ ಯಾವುದರದು?"

"ಕತ್ತಾಳೆದು. ನಮ್ಮಮ್ಮನೇ ಹೊಸೀತಿದ್ಲು."

"ಅದನ್ನ ಹಿಡ್ಕೊಳ್ಳೋರು ಯಾರು? ಗಂಡಸರೇನೋ?"

ಏಣಿಯ ಮೇಲಿದ್ದ ಕೈ ಅಲುಗಿತು.

"ಆವತ್ತು ನಾನು ಹಿಡ್ದಿದ್ದೆ."

ಯಾವತ್ತು ಎಂದು ಕೇಳುವ ಅಗತ್ಯ ಅವಳಿಗೆ ಕಾಣಲಿಲ್ಲ. ವಾಸ್ತವವಾಗಿ ಅವಳು ಕೇಳಿದ್ದು ವಾಡಿಕೆಯನ್ನು, ಬಂದದ್ದು ಬೇರೆಯೇ. ರಾಮಲಕ್ಷ್ಮಮ್ಮ ದನಿ ತಗ್ಗಿಸಲೂ ಇಲ್ಲ, ಏರಿಸಲೂ ಇಲ್ಲ. ಹೊಲದಲ್ಲಿ ಒಂದು ಮಡಿಯಿಂದ ಇನ್ನೊಂದಕ್ಕೆ ನೀರು ತಿರುಗಿಸುವವರ ಹಾಗೆ ಸಾವಕಾಶವಾಗಿ ಹೇಳಿದರು.

"ಅರ್ಧಕ್ ಹೋಗೋಷ್ಟ್ರಲ್ಲೇ ಆರೋಯ್ತು. ಅಮ್ಮ ಬಗ್ಗಿ ನೋಡಿದ್ಲು. ದೊಡ್ಡಪ್ಪ ಅಗೋ ಆ ಕಲ್ಲಿನ್ ಮ್ಯಾಲೆ ಕೂತು ರುಮಾಲು ಬಿಚ್ಚಿ ಸೊಂಟಕ್ ಸುತ್ಕೋತಿದ್ದ. 'ಉರೀತೈತೇನೇ ಸಾಕಿ?' ಅಂದ. ನಮ್ಮಮ್ಮನ ಹೆಸ್ರು ಸಾಕಮ್ಮ. ಅವ್ಳು ಇನ್ನೊಂದ್ಸಲ ಬಗ್ಗಿ ನೋಡಿದ್ಲು. ನನ್ ಮಕಾನೂ ನೋಡಿದ್ಲು. 'ಉರೀತೈತೆ ಭಾವ, ಇಳೀರಿ' ಅಂದ್ಲು. ಬಿಸ್ಲಾಗ್ ಕೂತಿದ್ದೋನಿಗೆ ಒಳ್ಗಡೆ ಏನ್ ಕಂಡಾತು? ಇಳ್ದ."

ಚಂದ್ರಲೇಖಾ ಕಾಲ ಬಳಿ ಇದ್ದ ಮೇಣದ ಬತ್ತಿಯನ್ನು ನೋಡಿದಳು. ಅದು ನೆಟ್ಟಗೆ, ಕದಲದೆ ಉರಿಯುತ್ತಿತ್ತು. ಗಾಳಿ ಒಳ್ಳೆಯದಿದೆ, ನನಗೇನೂ ಆಗುವುದಿಲ್ಲ ಎಂದು ತಿಳಿದಿದ್ದರೂ ಅದರಿಂದ ಕಣ್ಣು ಕೀಳಲಾಗಲಿಲ್ಲ. ಅವಳು ನಿಂತಿದ್ದ ಜಾಗದಲ್ಲೇ ಅವನು ನಿಂತಿದ್ದ. ಬೇರೆ ಜಾಗ ಇರಲಿಲ್ಲ. ಅವನೂ ಹೀಗೇ ತಲೆಯೆತ್ತಿದ್ದರೆ ಇದೇ ದುಂಡಗಿನ ಆಕಾಶವನ್ನು, ಅಂಚಿನಲ್ಲಿ ಎರಡು ತಲೆಗಳನ್ನು, ಒಂದು ದೊಡ್ಡದು, ಒಂದು ಸಣ್ಣದು, ಕಂಡಿರಬೇಕು. ಆ ಗಳಿಗೆಯಲ್ಲೂ ಅವಳ ತಲೆಯ ಯಾವುದೋ ಮೂಲೆ, ಯಾರ ಅಪ್ಪಣೆಗೂ ಕಾಯದೆ, ಕತ್ತಾಳೆ ಹುರಿ, ಹರಳೆಣ್ಣೆ, ಸೊಂಟಕ್ಕೆ ಸುತ್ತಿದ ರುಮಾಲು ಎಂದು ಒಂದೊಂದನ್ನೇ ಎತ್ತಿಟ್ಟುಕೊಳ್ಳುತ್ತಿತ್ತು. ನಾನು ಎಂಥವಳು ಅನ್ನಿಸಿತು. ಅನ್ನಿಸಿದರೂ ಆ ಮೂಲೆ ಕೆಲಸ ನಿಲ್ಲಿಸಲಿಲ್ಲ.

"ಕೂಗ್ಲಿಲ್ವಾ ಅವರು?"

"ಒಂದ್ಸಲ. ಅಮ್ಮನ ಹೆಸ್ರು ಹಿಡ್ದು. ಅಮ್ಮ ಇಲ್ಲೇ ಕೂತಿದ್ಲು, ಈಗ್ ನಾನ್ ಕೂತಿವ್ನಲ್ಲ ಹಂಗೆ. ನನ್ ಕಿವೀನೂ ಮುಚ್ಲಿಲ್ಲ, ಅವ್ಳ್ ಕಿವೀನೂ ಮುಚ್ಕೊಳ್ಲಿಲ್ಲ. ಆಮೇಲೆ ಎದ್ದು ಊರೋರ್ನ ಕರ್ಕೊಂಡ್ ಬರಾಕ್ ಹೋದ್ಲು. ನಡ್ಕೊಂಡೇ ಹೋದ್ಲು."

"ಯಾಕಮ್ಮಾ?"

ಅವಳ ಕಾದಂಬರಿಗಳಲ್ಲಿ ಈ ಪ್ರಶ್ನೆಯನ್ನು ಕೇಳುವುದು ಜಯರಾಮಯ್ಯನ ಹಕ್ಕು. ಟೋಪಿ ತೆಗೆದು ಕಂಕುಳಲ್ಲಿ ಇಟ್ಟುಕೊಂಡು ಕೇಳುತ್ತಾನೆ. ಇಲ್ಲಿ ಅದು ಅವಳ ಬಾಯಿಂದ ಕೀರಲಾಗಿ ಹೊರಟಿತು.

"ನಮ್ ಪಾರ್ವತಕ್ಕ ಮಾತು ನಿಲ್ಲಿಸ್ಬುಟ್ಟಿದ್ಲು," ಎಂದರು ರಾಮಲಕ್ಷ್ಮಮ್ಮ. "ನನ್ಗಿಂತ ದೊಡ್ಡೋಳು, ಇನ್ನೂ ಮೈ ನೆರೆದಿರ್ಲಿಲ್ಲ. ಅಪ್ಪ ಕೋಲಾರದ ಗಣಿ ಕೆಲ್ಸಕ್ ಹೋಗಿದ್ದ. ದೊಡ್ಡಪ್ಪಂಗೆ ಹೆಂಡ್ತಿ ಸತ್ತಿದ್ಲು. ಹೊಲಕ್ಕೆ ಅವ್ನ್ಗೆ ಹಿಟ್ಟು ತಗೊಂಡ್ ಹೋಗೋದು ಅಕ್ಕನ್ ಕೆಲ್ಸ. ಮೊದಲ್ನೇ ಮಳೆ ಆಗಿ ಉಳ್ತಾ ಇದ್ದ ಕಾಲ. ಒಂದಿನ ಹೋಗಿ ಬಂದ್ಲು. ಬಂದೋಳು ಮಾತಾಡ್ಲಿಲ್ಲ. ಅಮ್ಮ ಅವ್ಳ್ಗೆ ನೀರ್ ಹಾಕಿ, ತಲೆ ಬಾಚಿ, ಏನೂ ಕೇಳ್ಳಿಲ್ಲ. ಸ್ರಾವಣದಾಗೆ ಹಗೇವು ತೆಗೆದ್ರು."

"ಆಮೇಲೆ ಅಕ್ಕ?"

"ಆಡಿದ್ಲು. ದೀಪಾವಳಿ ಹೊತ್ಗೆ. ಬೆಕ್ಕು ಹಾಲು ಕುಡೀತೈತೆ ಅಂತ ಒಂದ್ಸಲಕ್ಕೇ ಕೂಗಿದ್ಲು. ಅಮ್ಮ ಆ ಬೆಕ್ಕನ್ನ ಓಡಿಸ್ಲೇ ಇಲ್ಲ, ಪೂರ್ತಿ ಕುಡಿಯಾಕ್ ಬಿಟ್ಲು." ಮೇಲೆ ತಲೆ ಪಕ್ಕಕ್ಕೆ ಸರಿಯಿತು. ಒಮ್ಮೆಲೇ ಬೆಳಕು ಕೆಳಗೆ ಬಿತ್ತು. "ಸಾಕು, ಮ್ಯಾಲಕ್ ಬಾ ತಾಯಿ. ಥಂಡಿ ಆಯ್ತದೆ."

ಅವಳು ಏಣಿ ಹತ್ತಿ ಬಂದಳು. ರಾಮಲಕ್ಷ್ಮಮ್ಮ ಅವಳ ಸೀರೆಗೆ ಅಂಟಿದ ಮಣ್ಣನ್ನು ಕೈಯಿಂದ ಕೊಡವಿದರು, ಮಗುವಿಗೆ ಕೊಡವುವ ಹಾಗೆ, ಸ್ವಲ್ಪ ಜೋರಾಗಿಯೇ.

"ನಿನ್ ಕತೇಲಿ ಸಾಯ್ಸೋಳು ಯಾತಕ್ ಸಾಯ್ಸ್ತಾಳೆ?"

ಕತೆಯ ವಿಷಯ ಇವರಿಗೆ ಹೇಗೆ ಗೊತ್ತು ಎಂದು ಚಂದ್ರಲೇಖಾ ಒಂದು ಕ್ಷಣ ಬೆಚ್ಚಿದಳು, ಆಮೇಲೆ ಕೋಮಲಾ ಹೇಳಿರುತ್ತಾಳೆ ಎಂದು ಹೊಳೆಯಿತು. ಕೋಮಲಾಳಿಗೆ ಗೊತ್ತಿದ್ದದ್ದು ಕತೆ ಮಾತ್ರ, ಅದನ್ನು ನಗುನಗುತ್ತ ಫೋನಿನಲ್ಲಿ ಅತ್ತೆಗೆ ಒಪ್ಪಿಸಿದ್ದಾಳೆ. ಅಂದರೆ ಈ ಹೆಂಗಸು ವಾರದಿಂದ ತನ್ನನ್ನು ಕಾಯುತ್ತಿದ್ದರು. "ಒಡವೆಗೆ," ಅಂದಳು ಚಂದ್ರಲೇಖಾ. ಅಂದಕೂಡಲೇ ಅದು ನೈಲಾನಿಗಿಂತ ಹೆಚ್ಚು ಸುಳ್ಳಾಗಿ ಕೇಳಿಸಿತು.

"ಒಡವೆಗಾ!" ಎಂದು ರಾಮಲಕ್ಷ್ಮಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. ಆಮೇಲೆ ನಗು ನಿಲ್ಲಿಸಿ ಹೇಳಿದರು: "ಬರ್ಕೋ. ಊರು ಬ್ಯಾರೆ ಮಾಡು, ಹೆಸ್ರು ಬ್ಯಾರೆ ಮಾಡು. ಅಮ್ಮನೂ ಹೋದ್ಲು, ಅಕ್ಕನೂ ಹೋದ್ಲು. ನಾನೂ ಹೋಗ್ಬುಟ್ರೆ ನಮ್ಮಮ್ಮ ಮಾಡಿದ್ದು ಈ ಭೂಮೀ ಮ್ಯಾಲೆ ಯಾರ್ಗೂ ಗೊತ್ತಿಲ್ದಂಗೆ ಹೋಗ್ಬುಡ್ತದೆ. ಮಕ್ಳಿಗ್ ಹೇಳಿದ್ರೆ ಮನೆತನದ್ ಮಾತಾಗ್ತದೆ, ನಾಳೆ ಸೊಸೇರು ಜಗಳದಾಗ್ ಎತ್ತಾಡ್ತಾರೆ. ಕತೆ ಆದ್ರೆ ಯಾರೂ ನಂಬಾಕಿಲ್ಲ, ಆದ್ರೂ ಓದ್ತಾರೆ. ಒಂದೇ ಮಾತು. ನಿನ್ ಪೋಲೀಸಪ್ಪಂಗೆ ಅವ್ಳನ್ನ ಹಿಡ್ಕೊಡ್ಬ್ಯಾಡ."

ಅವರು ಇದನ್ನು ಬೇಡಿಕೆಯಾಗಿ ಹೇಳಲಿಲ್ಲ. ತಪ್ಪೊಪ್ಪಿಗೆಯ ನೆರಳೂ ಆ ಮುಖದಲ್ಲಿ ಇರಲಿಲ್ಲ. ಚಂದ್ರಲೇಖಾ ಅದನ್ನು ಹುಡುಕಿದಳು, ಏಕೆಂದರೆ ಅದು ಸಿಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. ಪಶ್ಚಾತ್ತಾಪ ಪಡುವವರನ್ನು ಬರೆಯುವುದು ಅವಳಿಗೆ ಗೊತ್ತಿತ್ತು. ಸಿಕ್ಕಿದ್ದು ಹೆಮ್ಮೆ. ಬಾವಿ ತೋಡಿಸಿದ, ಕೆರೆ ಕಟ್ಟಿಸಿದ ಹಿರಿಯರ ಬಗ್ಗೆ ಮಾತಾಡುವಾಗ ಮನೆಯವರ ಮುಖದಲ್ಲಿ ಬರುವಂಥದ್ದು.

ಊಟಕ್ಕೆ ಮುದ್ದೆ, ಹುರುಳಿ ಕಟ್ಟಿನ ಸಾರು. ವೆಂಕಿ ಕೈತೊಳೆದು ಬಂದು ಎದುರಿಗೆ ಕೂತ, ಕೋಸಿಗೆ ಒಳ್ಳೆಯ ರೇಟು ಸಿಕ್ಕಿದ್ದರಿಂದ ಉಮೇದಿನಲ್ಲಿದ್ದ. "ಏನ್ ಮೇಡಂ, ಕಂಡ್ ಹಿಡಿದ್ರಾ? ನಮ್ ದೊಡ್ತಾತನ್ನ ಯಾರು ಸಾಯ್ಸಿದ್ದು?" ಎಂದು ಕೇಳಿದ. ಕೋಮಲಾ, "ಸುಮ್ನಿರಪ್ಪ, ಊಟದ ಹೊತ್ತಲ್ಲಿ," ಎಂದು ಗದರಿದಳು. ರಾಮಲಕ್ಷ್ಮಮ್ಮ ಸಾರಿನ ಸೌಟು ಹಿಡಿದು ನಿಂತಿದ್ದರು, ತಿರುಗಿ ನೋಡಲಿಲ್ಲ. ಆದರೆ ಸೌಟಿನಿಂದ ಸಾರು ಬೀಳುವುದು ನಿಂತಿತ್ತು. ಚಂದ್ರಲೇಖಾಳಿಗೆ ತಾನು ಸುಳ್ಳು ಹೇಳಲಾರದವಳು ಎಂಬ ಒಂದು ಅಭಿಪ್ರಾಯ ತನ್ನ ಬಗ್ಗೆಯೇ ಇತ್ತು. ವಾಸುವಿಗೂ ಅದೇ ಅಭಿಪ್ರಾಯ. ಬರೆಯುವುದೆಲ್ಲ ಸುಳ್ಳು, ಮನೆಯಲ್ಲಿ ಮಾತ್ರ ಸತ್ಯಹರಿಶ್ಚಂದ್ರ ಎಂದು ಅಣಕಿಸುತ್ತಿದ್ದ. ಅವಳು ಮುದ್ದೆಯ ತುತ್ತನ್ನು ಸಾರಿನಲ್ಲಿ ಅದ್ದಿ, ನುಂಗಿ, ಆಮೇಲೆ ಹೇಳಿದಳು.

"ಯಾರೂ ಇಲ್ಲ ಕಣಪ್ಪ. ಬಾಯಿ ಕಿರಿದು, ಹೊಟ್ಟೆ ಅಗಲ. ಅಂಥದ್ರಲ್ಲಿ ಮೇಲೆ ದೀಪ ಉರಿದ್ರೂ ತಳದಲ್ಲಿ ಗಾಳಿ ಕೆಟ್ಟಿರುತ್ತೆ. ಆಕಸ್ಮಿಕ."

"ನಾನೂ ಅದೇ ಅಂದ್ಕೊಂಡಿದ್ದೆ," ಎಂದ ವೆಂಕಿ, ಸ್ವಲ್ಪ ನಿರಾಸೆಯಿಂದ. ಸಾರು ಎಲೆಗೆ ಬಿತ್ತು. ಯಾರೂ ಕೇಳದೆ ಇನ್ನೊಂದು ಮುದ್ದೆಯೂ ಬಿತ್ತು. ಅಷ್ಟು ತಿನ್ನುವ ಅಭ್ಯಾಸ ಅವಳಿಗಿರಲಿಲ್ಲ, ಆದರೂ ತಿಂದಳು, ಬೆರಳು ಚೀಪಿ ಮುಗಿಸಿದಳು. ಸುಳ್ಳು ಹೇಳಿದ ಮೇಲೆ ಇಷ್ಟು ಹಸಿವಾಗುತ್ತದೆಂದು ತಿಳಿದಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಅವಳು ಕಿಟಕಿಯಾಚೆ ಏನನ್ನೂ ಅಳಿಸಲಿಲ್ಲ. ಕಂಬಗಳು ಇದ್ದವು, ಪ್ಲಾಸ್ಟಿಕ್ ಮನೆಗಳು ಸಂಜೆಯ ಬಿಸಿಲಿಗೆ ಹೊಳೆಯುತ್ತಿದ್ದವು. ಅವುಗಳ ನಡುವೆಯೇ, ಯಾವ ತೊಂದರೆಯೂ ಇಲ್ಲದೆ, ಒಬ್ಬ ಹೆಂಗಸು ಊರ ಕಡೆಗೆ ನಡೆದು ಹೋಗುತ್ತಿದ್ದಳು, ಓಡದೆ.

ಮಳೆಗಾಲ ಮುಗಿಯುವಷ್ಟರಲ್ಲಿ ಅವಳು ಕಾದಂಬರಿ ಬರೆದು ಮುಗಿಸಿದಳು. ಒಡವೆ ಹೋಯಿತು. ಊರು ತಳಿಯ ಆಚೆಗೆ ಸರಿಯಿತು, ಗಣಿಯ ಕೆಲಸ ರೈಲಿನ ಕೆಲಸವಾಯಿತು, ಅಕ್ಕ ಹೋಗಿ ತಂಗಿಯಾದಳು. ಹರಳೆಣ್ಣೆ, ಮಡಕೆಯ ಓಡು, ಗೋಡೆಯ ಮೇಲಿನ ಬೆರಳ ಗೆರೆ ಹಾಗೇ ಉಳಿದವು. ಜಯರಾಮಯ್ಯ ಬಂದ, ಕುದುರೆ ಇಳಿದು, ಹಗೇವಿಗೆ ತಾನೇ ದೀಪ ಬಿಟ್ಟು ನೋಡಿದ, ಹುರಿಯನ್ನು ಬೆರಳ ನಡುವೆ ಹೊಸೆದು ನೋಡಿದ, ಕೇಳಬೇಕಾದ್ದನ್ನೆಲ್ಲ ಕೇಳಿದ. ಜಗಲಿಯ ಮೇಲೆ ಮಾತಿಲ್ಲದೆ ಕೂತಿದ್ದ ಹುಡುಗಿಯನ್ನು ಬಹಳ ಹೊತ್ತು ನೋಡಿದ. ಆಮೇಲೆ ಮಜ್ಜಿಗೆ ಕುಡಿದು, ಆಕಸ್ಮಿಕ ಎಂದು ಬರೆದು, ಹೋದ. ಅವನಿಗೆ ಗೊತ್ತಾಯಿತೋ ಇಲ್ಲವೋ ಎಂದು ಅವಳು ಹೇಳಲಿಲ್ಲ. ಧಾರಾವಾಹಿ ಹಾಕುತ್ತಿದ್ದ ಬೆಂಗಳೂರಿನ ವಾರಪತ್ರಿಕೆಯ ಸಂಪಾದಕರು ಫೋನು ಮಾಡಿ, "ಜಯರಾಮಯ್ಯ ಸೋತರೆ ಓದುಗರು ಬಿಡಲ್ಲ ಮೇಡಂ, ಕೊನೆ ಅಧ್ಯಾಯ ಬದಲಾಯಿಸಿ," ಅಂದರು. ಮೊದಲಾಗಿದ್ದರೆ ಅವಳು ಕ್ಷಮೆ ಕೇಳಿ ಬದಲಾಯಿಸುತ್ತಿದ್ದಳು. "ಅವನು ಸೋತಿಲ್ಲ ಸಾರ್. ಕೆಲಸ ಮುಗಿಸಿ ಹೋಗಿದ್ದಾನೆ," ಅಂದಳು. ತನ್ನ ದನಿಯಲ್ಲಿ ಕಂಪನವಿಲ್ಲದ್ದು ಅವಳಿಗೆ ಸಹಜವಾಗಿಯೇ ಅನ್ನಿಸಿತು. ಅಡುಗೆಮನೆಯಿಂದ ಇಣುಕಿದ ವಾಸು, "ಯಾರಿಗೆ ಹಾಗೆ ಗದರಿದ್ದು?" ಎಂದು ಕೇಳಿದ. ಕೊನೆಯ ಅಧ್ಯಾಯ ಬರೆದ ಹಾಗೇ ಅಚ್ಚಾಯಿತು. ಕೆಲವರು ಬೈದು ಬರೆದರು. ಬರೆದವರಲ್ಲಿ ಹೆಚ್ಚಿನವರು ಹೆಂಗಸರು, ಅವರು ಬೈಯಲಿಲ್ಲ.

ಧಾರಾವಾಹಿ ಮುಗಿದ ವಾರ ಕೋಮಲಾ ಆಫೀಸಿನಲ್ಲಿ ಡಬ್ಬಿ ಬಿಚ್ಚುತ್ತ, "ಅತ್ತೆಗೆ ಅಷ್ಟನ್ನೂ ಓದಿ ಹೇಳಿದೆ ಮೇಡಂ," ಅಂದಳು. "ಪ್ರತಿ ಭಾನುವಾರ ಕಾದುಕೊಂಡು ಕೂತಿರ್ತಿದ್ರು. ಎಲ್ಲಾ ಸರಿಯಾಗೈತೆ ಅಂದ್ರು. ಒಂದೇ ಒಂದು ತಪ್ಪಂತೆ."

ಚಂದ್ರಲೇಖಾಳ ತುತ್ತು ಕೈಯಲ್ಲೇ ನಿಂತಿತು. ಹುರಿಯೇ, ದೀಪವೇ, ಶ್ರಾವಣದ ಮಳೆಯೇ ಎಂದು ಮನಸ್ಸು ಅಧ್ಯಾಯ ಅಧ್ಯಾಯ ಓಡಾಡಿತು.

"ಆ ಹೆಂಗಸು ಪೋಲೀಸರು ಹೋದ್ಮೇಲೆ ಕೊಟ್ಟಿಗೇಲಿ ಕೂತು ಗಂಟೆಗಟ್ಲೆ ಅಳ್ತಾಳಲ್ಲ ಮೇಡಂ, ಅದು ಸರಿಯಿಲ್ವಂತೆ. 'ಅವ್ಳು ಅಳ್ಲಿಲ್ಲ ಅಂತ ಹೇಳು, ರಾಗಿ ಬೀಸಿದ್ಲು,' ಅಂದ್ರು. ಯಾವ ರಾಗಿ ಅತ್ತೆ ಅಂದೆ. 'ಅದೇ, ಆ ಹಗೇವಿನ್ದೇ. ರಾಗಿ ಏನ್ ಮಾಡಿತ್ತು ಪಾಪ' ಅಂದ್ರು." ಕೋಮಲಾ ತಲೆ ಆಡಿಸಿ ನಕ್ಕಳು. "ಅತ್ತೆಗೆ ಕತೆ ಅಂದ್ರೂ ನಿಜ ಅಂತಲೇ ನೋಡಿ."

ಆ ಅಳು ಎಲ್ಲಿಂದ ಬಂದಿತು ಎಂದು ಚಂದ್ರಲೇಖಾಳಿಗೆ ಗೊತ್ತಿತ್ತು. ಅದನ್ನು ಯಾರೂ ಹೇಳಿರಲಿಲ್ಲ, ಯಾವ ಹಿತ್ತಿಲಲ್ಲೂ ಅದು ಸಿಕ್ಕಿರಲಿಲ್ಲ. ಓದುವವರು ಆ ಹೆಂಗಸನ್ನು ಕ್ಷಮಿಸಲಿ ಎಂದು ತಾನೇ ತಂದು ಅಲ್ಲಿ ಇಟ್ಟದ್ದು. ಕ್ಷಮೆಯನ್ನು ಯಾರು ಕೇಳಿದ್ದರು? ಅವಳಿಗೆ ನಾಚಿಕೆಯಾಗಲಿಲ್ಲ, ನಗು ಬಂದಿತು, ಡಬ್ಬಿ ಮುಚ್ಚುವಾಗಲೂ ಬರುತ್ತಲೇ ಇತ್ತು. ಮನೆಗೆ ಬಂದವಳೇ ಪುಸ್ತಕಕ್ಕೆಂದು ತರಿಸಿಕೊಂಡಿದ್ದ ಕರಡಚ್ಚುಗಳನ್ನು ತೆಗೆದು ಕೂತಳು. ಕೊಟ್ಟಿಗೆಯ ಪುಟ ಅವಳಿಗೆ ಬಹಳ ಪ್ರಿಯವಾಗಿದ್ದ ಪುಟ. ಅದನ್ನು ಓದಿ ಕಣ್ಣು ಒದ್ದೆಯಾಯಿತೆಂದು ಇಬ್ಬರು ಮೂವರು ಬರೆದಿದ್ದರು. ಅವಳು ಅದರ ಮೇಲೆ ಮೂಲೆಯಿಂದ ಮೂಲೆಗೆ ಗೆರೆ ಎಳೆದಳು. ಪಕ್ಕದ ಖಾಲಿ ಜಾಗದಲ್ಲಿ, ಅಚ್ಚಿನವರಿಗೆ ಅರ್ಥವಾಗುವಂತೆ ದುಂಡಗೆ, ಒಂದೇ ಒಂದು ಸಾಲು ಬರೆದಳು. ಪೋಲೀಸರು ಹೋದ ಮೇಲೆ ಅವಳು ಬೀಸುವ ಕಲ್ಲಿನ ಮುಂದೆ ಕಾಲು ಚಾಚಿ ಕೂತು ರಾಗಿ ಬೀಸಿದಳು, ಇಬ್ಬರು ಮಕ್ಕಳಿಗೂ ತನಗೂ ಸಾಕಾಗುವಷ್ಟು.